ಮೇಕೆ ಮರಿಗೆ ಮರಗಟ್ಟಿಸುವ ಇಂಜೆಕ್ಷನ್: ಮೊದಲು ಲೆಕ್ಕ, ಆಮೇಲೆ ಸೂಜಿ

ಕೊಂಬು ಬೆಳೆಯದಂತೆ ಅದರ ಮೊಗ್ಗು ಸುಡುವ ಮೊದಲು ಮರಿಗೆ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧ ಕೊಡಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಕೆಂಪಗೆ ಕಾದ ಕಬ್ಬಿಣವನ್ನು ಹಸುಗೂಸಿನ ತಲೆಗೆ ಇಡುತ್ತೇವೆ, ನೋವಾಗದೆ ಇರುತ್ತದೆಯೇ? ಆದರೆ ಇದೇ ಔಷಧ ಜಾಸ್ತಿಯಾಗಿ ಮರಿಗಳು ಸಾಯುವುದನ್ನೂ ನಾನು ನೋಡಿದ್ದೇನೆ. ಪ್ರತಿ ಸಲವೂ ಕಾರಣ ಒಂದೇ. ಕರುವಿಗೆ ಹಾಕಿ ರೂಢಿಯಾದ ಕೈ, ಮರಿಗೂ ಅದೇ ಅಂದಾಜಿನಲ್ಲಿ ಸಿರಿಂಜ್ ತುಂಬಿಬಿಡುತ್ತದೆ.

ಸೂಜಿ ಹಾಕುವುದು ಪಶುವೈದ್ಯರ ಕೆಲಸ. ಆದರೆ ಮರಿ ಹಿಡಿದುಕೊಳ್ಳುವವರಿಗೂ ಈ ಲೆಕ್ಕ ಗೊತ್ತಿರಲಿ. ಒಬ್ಬರು ತಪ್ಪಿದರೆ ಇನ್ನೊಬ್ಬರು ಹೇಳಬಹುದು.

ಹಂತ 1: ತೂಕ

ಕಣ್ಣಳತೆ ಬೇಡ. ಮರಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಒಂದು ವಾರದ ಮರಿ ಮೂರೂವರೆ ಕೆಜಿ ಇದ್ದರೆ ಅದು ಮೂರೂವರೆಯೇ. ‘ಸುಮಾರು ಐದು ಇರಬಹುದು’ ಅಂತ ಬರೆದುಕೊಳ್ಳಬೇಡಿ.

ಹಂತ 2: ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ವಯಲ್ (ಔಷಧದ ಪುಟ್ಟ ಬಾಟಲಿ) ಮೇಲೆ 2% ಎಂದಿರುತ್ತದೆ. ಶೇಕಡಾ ಸಂಖ್ಯೆಯನ್ನು 10ರಿಂದ ಗುಣಿಸಿದರೆ ಒಂದು ಮಿ.ಲೀ.ನಲ್ಲಿ ಎಷ್ಟು ಮಿಲಿಗ್ರಾಂ ಔಷಧ ಇದೆ ಎಂದು ಸಿಗುತ್ತದೆ. 2% ಅಂದರೆ ಮಿ.ಲೀ.ಗೆ 20 ಮಿಲಿಗ್ರಾಂ. ಮರಿಗೆ ಒಟ್ಟು ಮಿತಿ ಕೆಜಿಗೆ 5 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಇದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೂ ನಡೆಯುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಈಗ 4 ಕೆಜಿ ಮರಿ ತೆಗೆದುಕೊಳ್ಳಿ. ನಾಲ್ಕೈದಲೆ 20 ಮಿಲಿಗ್ರಾಂ. ಅಂದರೆ 2% ಔಷಧ ಬರೀ 1 ಮಿ.ಲೀ. ಅಷ್ಟೇ! ಕರುವಿಗಾದರೆ ಒಂದೊಂದು ಬದಿಗೇ 5 ಮಿ.ಲೀ. ಹಾಕುತ್ತೇವೆ. ಅದೇ ಕೈ ಈ ಮರಿಗೆ ಒಟ್ಟು 4 ಮಿ.ಲೀ. ಹಾಕಿತು ಅನ್ನಿ, 80 ಮಿಲಿಗ್ರಾಂ ಒಳಗೆ ಹೋಯಿತು. ಕೆಜಿಗೆ 20. ಮಿತಿಯ ನಾಲ್ಕು ಪಟ್ಟು.

ಮೇಕೆಗೆ ಒಂದೊಂದು ಬದಿಗೆ ಎರಡರಂತೆ ನಾಲ್ಕು ಕಡೆ ಚುಚ್ಚಬೇಕು. 1 ಮಿ.ಲೀ.ಯನ್ನು ನಾಲ್ಕು ಜಾಗಕ್ಕೆ ಹಂಚುವುದು ಹೇಗೆ? ತೆಳು ಮಾಡಿ. 2 ಮಿ.ಲೀ. ಸಿರಿಂಜ್‌ನಲ್ಲಿ 1 ಮಿ.ಲೀ. ಔಷಧ ಎಳೆದುಕೊಂಡು, ಅದಕ್ಕೆ 1 ಮಿ.ಲೀ. ಸ್ಟೆರೈಲ್ ಸಲೈನ್ (ಇಂಜೆಕ್ಷನ್‌ಗೆ ಬಳಸುವ ಶುದ್ಧ ಉಪ್ಪುನೀರು) ಸೇರಿಸಿ. ಈಗ ಅದು 1% ಆಯಿತು. ಒಟ್ಟು 2 ಮಿ.ಲೀ., ಒಂದು ಜಾಗಕ್ಕೆ ಅರ್ಧ ಮಿ.ಲೀ. ತೆಳುವಾದರೂ ಚೆನ್ನಾಗಿಯೇ ಮರಗಟ್ಟುತ್ತದೆ. ಮರಿಗೆ ಬೇಕಾದಷ್ಟನ್ನು ಮಾತ್ರ ಸಿರಿಂಜ್‌ಗೆ ತುಂಬಿ. 10 ಮಿ.ಲೀ. ಸಿರಿಂಜ್ ತುಂಬಿಕೊಂಡು ‘ಸಾಕಾದಷ್ಟು ಹಾಕ್ತೀನಿ’ ಎನ್ನುವ ಅಭ್ಯಾಸವನ್ನು ಇವತ್ತೇ ಬಿಡಿ.

ಮರಗಟ್ಟಿಸುವ ಇನ್ನೊಂದು ಔಷಧ ಬುಪಿವಕೇನ್ ಇನ್ನೂ ಬಿರುಸು. ಹೃದಯಕ್ಕೆ ನೇರ ಪೆಟ್ಟು ಕೊಡುತ್ತದೆ. ಮರಿಗಳ ಹತ್ತಿರ ನಾನು ಅದನ್ನು ತರುವುದೇ ಇಲ್ಲ. ಇನ್ನು ಚರ್ಮ ಮರಗಟ್ಟಿಸುವ ಬೆನ್ಜೊಕೇನ್ ಸ್ಪ್ರೇ. ಬೆಕ್ಕುಗಳಲ್ಲಿ ಅದು ರಕ್ತವನ್ನೇ ಕಂದು ಮಾಡಿ, ಆಮ್ಲಜನಕ ಹೊರದಂತೆ ಮಾಡಬಲ್ಲದು. ಮನೆಯಲ್ಲಿ ಬೆಕ್ಕಿದ್ದರೆ ಆ ಸ್ಪ್ರೇಯನ್ನು ಎಸೆದುಬಿಡಿ.

ಹಂತ 3: ಸೂಜಿ

ಕರುವಿಗೆ ಒಂದು ಬದಿಗೆ ಒಂದು ಮುಖ್ಯ ನರ ಸಾಕು. ಮೇಕೆಗೆ ಎರಡೆರಡು: ಒಂದು ಕಣ್ಣಿನ ಹೊರ ಮೂಲೆಯ ಹಿಂದೆ, ಇನ್ನೊಂದು ಕಣ್ಣುಗುಳಿಯ ಒಳ ಮೇಲಂಚಿನಲ್ಲಿ. ಸೂಜಿ ಚುಚ್ಚಿದ ಮೇಲೆ ಪಿಸ್ಟನ್ ಸ್ವಲ್ಪ ಹಿಂದಕ್ಕೆ ಎಳೆಯಿರಿ. ರಕ್ತ ಬಂದರೆ ಜಾಗ ಬದಲಿಸಿ. ರಕ್ತನಾಳಕ್ಕೆ ಹೋದರೆ ಸರಿಯಾದ ಅಳತೆಯೂ ವಿಷವೇ.

ಹಂತ 4: ಕಾಯಿರಿ

ಹತ್ತು ನಿಮಿಷ, ಗಡಿಯಾರ ನೋಡಿ. ಎರಡೇ ನಿಮಿಷಕ್ಕೆ ‘ಹಿಡಿದಿಲ್ಲ’ ಅಂತ ಮತ್ತೊಂದು ಡೋಸ್ ಹಾಕುವುದು ಎರಡನೇ ದೊಡ್ಡ ತಪ್ಪು. ಮೊಗ್ಗಿನ ಸುತ್ತ ಸೂಜಿ ಮೊನೆ ತಾಗಿಸಿ ನೋಡಿ, ಮರಿ ತಲೆ ಎಳೆದುಕೊಳ್ಳದಿದ್ದರೆ ಕೆಲಸ ಶುರು ಮಾಡಿ.

ಹಂತ 5: ವಿಷವೇರಿದರೆ

ಮೊದಲು ಕಿವಿ ನೋಡಿ. ಕಿವಿಯ ತುದಿ ಸಣ್ಣಗೆ ಅದುರುತ್ತದೆ, ನೊಣ ಕೂತಂತೆ. ಆದರೆ ನೊಣ ಇರುವುದಿಲ್ಲ. ಆಮೇಲೆ ರೆಪ್ಪೆ, ತುಟಿ. ಕಣ್ಣುಗುಡ್ಡೆ ಅತ್ತಿತ್ತ ಓಡುತ್ತದೆ. ಕೆಲವು ಮರಿಗಳು ಸುಮ್ನೆ ಮಂಪರಿಗೆ ಜಾರುತ್ತವೆ. ‘ಪಾಪ, ನಿದ್ದೆ ಬಂತು’ ಅಂದುಕೊಳ್ಳಬೇಡಿ. ಮುಂದಿನದು ಸೆಳೆತ: ಕತ್ತು ಹಿಂದಕ್ಕೆ ಬಾಗಿ, ಕಾಲು ಸೆಟೆದು, ಉಸಿರು ನಿಲ್ಲುತ್ತದೆ.

ಉಸಿರಿನ ದಾರಿ ತೆರವು ಮಾಡಿ, ಆಮ್ಲಜನಕ ಕೊಡಿ. ಸೆಳೆತಕ್ಕೆ ರಕ್ತನಾಳದ ಮೂಲಕ ಡಯಾಜೆಪಾಮ್. ಹೃದಯ ಸೋಲುವಂತೆ ಕಂಡರೆ 20% ಲಿಪಿಡ್ ಎಮಲ್ಷನ್, ಅಂದರೆ ಡ್ರಿಪ್‌ನಲ್ಲಿ ಕೊಡುವ ಆ ಹಾಲಿನಂಥ ಕೊಬ್ಬಿನ ದ್ರವ. 1998ರಲ್ಲಿ ಗೈ ವೈನ್‌ಬರ್ಗ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದ ಈ ಉಪಾಯ ಈಗ ಮನುಷ್ಯರಿಗೂ ಬಳಕೆಯಲ್ಲಿದೆ. ಔಷಧ ಕೊಬ್ಬಿಗೆ ಅಂಟಿಕೊಂಡು ಹೃದಯದಿಂದ ಆಚೆ ಬರುತ್ತದೆ. ಮೊದಲು ಕೆಜಿಗೆ ಒಂದೂವರೆ ಮಿ.ಲೀ. ನಿಧಾನವಾಗಿ, ಆಮೇಲೆ ನಿಮಿಷಕ್ಕೆ ಕೆಜಿಗೆ ಕಾಲು ಮಿ.ಲೀ. ನಮ್ಮ 4 ಕೆಜಿ ಮರಿಗೆ ಮೊದಲು 6 ಮಿ.ಲೀ., ನಂತರ ನಿಮಿಷಕ್ಕೆ 1 ಮಿ.ಲೀ.ನಂತೆ ಅರ್ಧ ಗಂಟೆ. ಬಾಟಲಿ ಕಾರಿನಲ್ಲಿ ಬಿಟ್ಟು ಬರಬೇಡಿ, ಪಕ್ಕದಲ್ಲೇ ಇರಲಿ.

ಈ ವಿಷಕ್ಕೆ ಬಿಪಿಸಿ 157 ಕೊಡಬಹುದೇ ಎಂದು ಇತ್ತೀಚೆಗೆ ಹಲವರು ಕೇಳುತ್ತಾರೆ. ಇದು 15 ಅಮೈನೋ ಆಮ್ಲಗಳ ಪೆಪ್ಟೈಡ್, ಅಂದರೆ ಪ್ರೋಟೀನ್‌ನಂಥದೇ ಒಂದು ಪುಟ್ಟ ಸರಪಳಿ. ಕ್ರೊಯೇಷಿಯಾದ ಜಾಗ್ರೆಬ್‌ನ ಸಂಶೋಧಕರು ಇಲಿಗಳಿಗೆ ಲಿಗ್ನೋಕೇನ್, ಬುಪಿವಕೇನ್ ಜಾಸ್ತಿ ಕೊಟ್ಟು ನೋಡಿದ್ದಾರೆ. ಈ ಪೆಪ್ಟೈಡ್ ಕೊಟ್ಟ ಇಲಿಗಳಲ್ಲಿ ಹೃದಯದ ಲಯ ತಪ್ಪುವುದು, ಸೆಳೆತ ಬರುವುದು ಕಡಿಮೆಯಾಯಿತು ಎಂದು ವರದಿ ಮಾಡಿದ್ದಾರೆ. ಓದಿದಾಗ ನನಗೂ ಖುಷಿಯಾಯಿತು. ಆದರೆ ಅದು ಪ್ರಯೋಗಾಲಯದ ಇಲಿಯ ಮಾತು. ಮಾರುಕಟ್ಟೆಯಲ್ಲಿ ಸಿಗುವ ವಯಲ್‌ಗಳ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದೇ ಬರೆದಿರುತ್ತದೆ. ಒಳಗೆ ಏನಿದೆ, ಎಷ್ಟಿದೆ, ಶುದ್ಧವೇ ಎಂದು ನಿಮಗೆ ಹೇಳುವವರಿಲ್ಲ. ಸಾಯುತ್ತಿರುವ ಮರಿಯ ಮುಂದೆ ಅದನ್ನು ಕಲಸುತ್ತಾ ಕೂತರೆ, ಆಮ್ಲಜನಕ ಕೊಡಬೇಕಾದ ನಿಮಿಷಗಳು ಹೋಗುತ್ತವೆ.

ಹಂತ 6: ಎದ್ದ ಮೇಲೆ

ಮರಿ ಎದ್ದು ನಿಂತ ಕೂಡಲೇ ಹೊರಡಬೇಡಿ. ಲಿಪಿಡ್‌ನ ಪ್ರಭಾವ ಇಳಿದಂತೆ ವಿಷದ ಲಕ್ಷಣ ಮರಳಬಹುದು. ಕೆಲವು ಗಂಟೆ ಪಕ್ಕದಲ್ಲಿ ಯಾರಾದರೂ ಇರಲಿ, ಬೆಚ್ಚಗಿಡಲಿ. ಸರಿಯಾಗಿ ನುಂಗಲು ಬರುವವರೆಗೆ ಬಾಟಲಿ ಹಾಲು ಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆರಳನ್ನು ಬಾಯಿಗಿಟ್ಟಾಗ ಮರಿ ಗಟ್ಟಿಯಾಗಿ ಚೀಪಿದರೆ, ಆಗ ತಾಯಿಯ ಹತ್ತಿರ ಬಿಡಿ.