ಹಗ್ಗದ ಮೇಲೆ ಐದು ಮಹಾ ಅಳಿವು: ಶಾಲೆಯ ಮೈದಾನದಲ್ಲಿ ಮಾಡಿ ತೋರಿಸುವ ಬಗೆ

ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. 10 ಲಕ್ಷ ವರ್ಷಕ್ಕೆ 1 ಸೆಂ.ಮೀ. ಹಿಡಿದರೆ 45 ಮೀ. 40 ಸೆಂ.ಮೀ. ಆಗುತ್ತದೆ. ತುದಿ ಹಿಡಿಯಲೂ ಬೇಕು, 48 ಮೀ. ಹಗ್ಗ ಕೊಳ್ಳಿ. ನೈಲಾನ್ ಬೇಡ, ಎಳೆದರೆ ಹಿಗ್ಗಿ ಗುರುತುಗಳು ಸರಿಯುತ್ತವೆ. ಪುಂಡಿನಾರಿನದೋ ಸೆಣಬಿನದೋ ಆಗಲಿ.

ಅಳತೆ ಸದಾ ‘ಇಂದು’ ಎಂಬ ತುದಿಯಿಂದಲೇ. ಒಂದು ಗುರುತಿನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ತಪ್ಪು ಕೂಡುತ್ತ ಹೋಗುತ್ತದೆ. ಗಂಟು ಹಾಕಬೇಡಿ, ಹಗ್ಗ ಗಿಡ್ಡಾಗುತ್ತದೆ. ಬಟ್ಟೆಯ ಚಿಂದಿಯನ್ನು ಸೂಜಿದಾರದಿಂದ ಹೊಲಿಯಿರಿ. ಮಕ್ಕಳು ಹೆಚ್ಚು ಎಡವುವುದು ಮಿಲಿಯನ್ ಅನ್ನು ಲಕ್ಷ ಎಂದು ಓದುವಲ್ಲಿ. 66 ಮಿಲಿಯನ್ ಎಂದರೆ 6.6 ಕೋಟಿ.

ಕೆಂಪು ಚಿಂದಿಗಳು ಮಹಾ ಅಳಿವಿಗೆ, ಅಂದರೆ ಬಹಳಷ್ಟು ಜಾತಿಗಳು ಒಟ್ಟಿಗೇ ಅಳಿದ ಹೊತ್ತಿಗೆ; ಹೆಸರುಗಳು ಭೂಮಿಯ ಕಾಲಘಟ್ಟಗಳವು: ಆರ್ಡೊವಿಶಿಯನ್ ಕೊನೆ 4 ಮೀ. 44 ಸೆಂ.ಮೀ., ಡೆವೊನಿಯನ್ 3 ಮೀ. 72, ಪರ್ಮಿಯನ್ 2 ಮೀ. 52, ಟ್ರಯಾಸಿಕ್ 2 ಮೀ. 1, ಕ್ರಿಟೇಶಿಯಸ್ 66 ಸೆಂ.ಮೀ. ಐದೂ ಕೊನೆಯ ಐದು ಮೀಟರಿನೊಳಗೇ ಬಂದವಲ್ಲ, ಅದಕ್ಕೂ ಮೊದಲು ಅಳಿವೇ ಇರಲಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಇತ್ತು. ಆದರೆ ಚಿಪ್ಪು, ಎಲುಬು ಇಲ್ಲದ ಜೀವಿಗಳ ಗುರುತು ಕಲ್ಲಿನಲ್ಲಿ ಉಳಿಯುವುದು ಅಪರೂಪ. ಚಿಂದಿಗಳ ನಡುವಿನ ಕಾಲದಲ್ಲೂ ಜಾತಿಗಳು ಒಂದೊಂದಾಗಿ ಅಳಿಯುತ್ತಲೇ ಇದ್ದವು.

ಪರ್ಮಿಯನ್ ಗುರುತಿನ ಬಳಿ ಹೆಚ್ಚು ಹೊತ್ತು ನಿಲ್ಲಿ. ಸೈಬೀರಿಯಾದಲ್ಲಿ ಲಾವಾ ಉಕ್ಕಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಕಡಲು ಕಾದು, ನೀರಿನ ಆಮ್ಲಜನಕ ಕುಗ್ಗಿತು. ಸಮುದ್ರದ ಜಾತಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಅಳಿದವು. 5 ಮೀ. 21ರಿಂದ ಇಲ್ಲಿಯ ತನಕ ಹಸಿರು ದಾರ ಹೊಲಿಯಿರಿ. ಅದು ಟ್ರೈಲೊಬೈಟ್ ಎಂಬ ಗಟ್ಟಿ ಚಿಪ್ಪಿನ, ಹಲವು ಕಾಲಿನ ಕಡಲಜೀವಿಗಳದು: ಎರಡು ಮಹಾ ಅಳಿವು ದಾಟಿದ್ದವು, ಮೂರನೆಯದರಲ್ಲಿ ಮುಗಿದವು.

ಡೈನೋಸಾರ್‌ಗಳಿಗೆ ಹಳದಿ ದಾರ, ಸುಮಾರು 2 ಮೀ. 30ರಿಂದ 66 ಸೆಂ.ಮೀ. ತನಕ. ಕತ್ತರಿಸಿಬಿಡಬೇಡಿ, ಒಂದು ಎಳೆಯನ್ನು ‘ಇಂದು’ ತನಕ ಒಯ್ಯಿರಿ, ಹಕ್ಕಿಗಳು ಅದೇ ವಂಶ. ಸ್ತನಿಗಳು ಸುಮಾರು 2 ಮೀ.ನಿಂದಲೇ ಇದ್ದವು, ಹೆಚ್ಚಿನವು ಸಣ್ಣವು. ದೊಡ್ಡ ಡೈನೋಸಾರ್‌ಗಳು ಹೋದ ಮೇಲೆ, 50 ಸೆಂ.ಮೀ. ಗುರುತಿಗೆ ಬರುವಷ್ಟರಲ್ಲಿ, ಬಾವಲಿಯೂ ಮೊದಮೊದಲ ತಿಮಿಂಗಿಲಗಳೂ ಬಂದಿವೆ. ಈ 16 ಸೆಂ.ಮೀ. ಅನ್ನು ಮಕ್ಕಳೇ ಕೈಯಾರೆ ಅಳೆಯಲಿ.

ಊರಿನ ಕಲ್ಲನ್ನೂ ಜೋಡಿಸಿ. ಆಳಂದ, ಬೀದರ್ ಕಡೆಯ ಕರಿಕಲ್ಲು ದಖನ್ ಲಾವಾದ್ದು, 66 ಸೆಂ.ಮೀ. ಚಿಂದಿಯ ಪಕ್ಕ ಇಡಿ. ಆ ಹೊತ್ತಿಗೇ ಮೆಕ್ಸಿಕೊದಲ್ಲಿ ಕ್ಷುದ್ರಗ್ರಹ ಬಡಿಯಿತು. ಬೀದರ್ ಕೋಟೆಯ ಕೆಂಪು ಕಲ್ಲನ್ನು ಅಲ್ಲಿಡಬೇಡಿ: ಲಾವಾ ಶಿಥಿಲಗೊಂಡು ಆಮೇಲೆ ಆದದ್ದು. ಶಹಾಬಾದ್ ಫರಸಿ 5 ಮೀ. 39ಕ್ಕಿಂತ ಆಚೆಯದು, ಅದರಲ್ಲಿ ಟ್ರೈಲೊಬೈಟ್ ಹುಡುಕಿಸಬೇಡಿ.

ನಮ್ಮ ಜಾತಿಯ 3 ಲಕ್ಷ ವರ್ಷ ಇಲ್ಲಿ ಬರೀ 3 ಮಿ.ಮೀ. 1952ರಲ್ಲಿ ಭಾರತದಿಂದ ಅಳಿಯಿತೆಂದು ಘೋಷಿಸಿದ ಚೀತಾಕ್ಕೆ ಗುರುತು ಹಾಕಲಾಗದು, ಆ ಅಂತರ ಕೂದಲೆಳೆಗಿಂತಲೂ ಕಿರಿದು. ಅದಕ್ಕೆ ಬೇರೆಯೇ ಚೀಟಿ ಬರೆದು ‘ಇಂದು’ ತುದಿಗೆ ಕಟ್ಟಿ.

ಸುತ್ತುವಾಗ ಹಳೆಯ ತುದಿಯಿಂದ ಸುತ್ತಿ. ಮಳೆ ಬಂದ ದಿನ ಹೊರಗಿನ 6 ಮೀ. ಮಾತ್ರ ಬಿಚ್ಚಿ, ವರಾಂಡದಲ್ಲೇ ಐದನ್ನೂ ತೋರಿಸಬಹುದು.