9,400 ಕಿಲೋಮೀಟರ್ ಓಡಿದ ಸ್ಪೋರ್ಟ್ಸ್ ಕಾರಿಗೆ ಎಷ್ಟು ಕೊಡಬಹುದು?

ಜಯಲಕ್ಷ್ಮೀಪುರಂನ ಡಾಕ್ಟರು ಫೋನ್ ಮಾಡಿದಾಗ ಮೊದಲು ಹೇಳಿದ್ದೇ ಕಿಲೋಮೀಟರ್. "ಬರೀ 9,400 ಓಡಿದೆ ಕಣಮ್ಮ. 36 ಲಕ್ಷಕ್ಕೆ ಒಂದು ರೂಪಾಯಿ ಕಮ್ಮಿ ಆದ್ರೂ ಕೊಡಲ್ಲ." ಗಾಡಿ 2016ರ ಆಡಿ ಟಿಟಿ. ಕೆಂಪು ಬಣ್ಣ, ಕೆಎ-09 ನಂಬರ್. ಕೊಳ್ಳಲು ಬಂದವನು ಮಂಡ್ಯದ ಹುಡುಗ, ಬೆಂಗಳೂರಿನಲ್ಲಿ ಕೆಲಸ. ಇಬ್ಬರಿಗೂ ನನ್ನ ಪರಿಚಯವಿತ್ತು. ಮೈಸೂರಿನಲ್ಲಿ 19 ವರ್ಷ ವಾಹನ ವಿಮೆಯ ಸರ್ವೇಯರ್ ಆಗಿ ಕೆಲಸ ಮಾಡಿದವಳು ನಾನು. ಗುದ್ದಿದ, ಮುಳುಗಿದ, ಸುಟ್ಟ ಗಾಡಿಗಳ ಪಕ್ಕ ಕೂತು ಲೆಕ್ಕ ಬರೆದಿದ್ದೇನೆ. ನೀವೇ ಒಂದು ಬೆಲೆ ಹೇಳಿ ಅಂದರು ಇಬ್ಬರೂ. ಆ ಬೆಲೆ ಹೇಗೆ ಬಂತು ಅಂತ ಬಿಡಿಸಿ ಬರೆಯುತ್ತೇನೆ. ಇಂಥ ಗಾಡಿ ನೋಡಲು ಹೊರಟವರಿಗೆ ಇದೇ ದಾರಿ ಸಾಕು.

ಮೊದಲ ಕೆಲಸ ಗ್ಯಾರೇಜಿನಲ್ಲಿ ಅಲ್ಲ, ಊಟದ ಮೇಜಿನ ಮೇಲೆ. ಸರ್ವಿಸ್ ಬಿಲ್ಲುಗಳನ್ನೆಲ್ಲ ತರಿಸಿ ತಾರೀಖಿನ ಪ್ರಕಾರ ಜೋಡಿಸಿ. ಪ್ರತಿ ಬಿಲ್ಲಿನಲ್ಲೂ ಆ ದಿನದ ಕಿಲೋಮೀಟರ್ ಇರುತ್ತದೆ. ಡಾಕ್ಟರ ಫೈಲಿನಲ್ಲಿ 2017ಕ್ಕೆ 2,100, 2018ಕ್ಕೆ 3,900, 2019ಕ್ಕೆ 5,600 ಇತ್ತು. 2021ಕ್ಕೆ 6,300, 2023ಕ್ಕೆ 8,000. 2020 ಮತ್ತು 2022ರ ಬಿಲ್ ಇರಲಿಲ್ಲ. ಇಂಥ ಖಾಲಿ ಜಾಗದ ಬಗ್ಗೆ ಕೇಳಲೇಬೇಕು. ಡಾಕ್ಟರ ಮನೆಯವರು ಫೋನ್ ತಂದು ಆಯುಧಪೂಜೆಯ ಫೋಟೋ ತೋರಿಸಿದರು. ಪ್ರತಿ ವರ್ಷ ಸ್ಟಿಯರಿಂಗ್‌ಗೆ ಸೇವಂತಿಗೆ ಸುತ್ತಿ, ಗಾಡಿ ಸ್ಟಾರ್ಟ್ ಮಾಡಿ ಫೋಟೋ ತೆಗೆಯುವುದು ಆ ಮನೆಯ ಪದ್ಧತಿ. ಹೂವಿನ ಹಿಂದೆ ಮೀಟರ್ ಬೆಳಗುತ್ತಿತ್ತು. ದೊಡ್ಡದು ಮಾಡಿ ನೋಡಿದೆ. 2020ರಲ್ಲಿ 5,900ರ ಹತ್ತಿರ, 2022ರಲ್ಲಿ 7,200ರ ಹತ್ತಿರ. ಸರಿಯಾಗಿ ಕೂತಿತು. ವರ್ಕ್‌ಶಾಪ್ ಕಾಗದಕ್ಕಿಂತ ಇಂಥ ಸಾಕ್ಷಿಯನ್ನೇ ನಾನು ಜಾಸ್ತಿ ನಂಬುತ್ತೇನೆ. ಮಾರಾಟಕ್ಕಾಗಿ ತೆಗೆದ ಫೋಟೋ ಅಲ್ಲವಲ್ಲ ಅದು.

ಆಮೇಲೆ ಗಾಡಿ. ಬ್ರೇಕ್ ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಬಾಗಿಲ ಕಡೆಯ ಉಬ್ಬು, ಸ್ಟಿಯರಿಂಗ್ ಚರ್ಮ ನೋಡಿ. ಸ್ಪೋರ್ಟ್ಸ್ ಕಾರಿನ ಸೀಟು ತಗ್ಗು. ಹತ್ತಿ ಇಳಿಯುವಾಗ ಆ ಉಬ್ಬು ಪ್ರತಿ ಸಲ ಉಜ್ಜುತ್ತದೆ. ಮೀಟರ್ 10 ಸಾವಿರ ಅಂದು, ಅಲ್ಲಿ ಚರ್ಮ ಬಿರುಕು ಬಿಟ್ಟಿದ್ದರೆ ಮೀಟರ್ ಸುಳ್ಳು ಹೇಳುತ್ತಿರಬಹುದು. ಗಾಡಿಯೊಳಗಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸುವುದಕ್ಕೂ ಹಿಂಜರಿಯಬೇಡಿ. ಇಂಥ ಗಾಡಿಗಳಲ್ಲಿ ಎಂಜಿನ್ನಿಗೆ, ಗೇರ್‌ಬಾಕ್ಸಿಗೆ ಬೇರೆ ಬೇರೆ ಕಂಪ್ಯೂಟರ್ ಇರುತ್ತವೆ. ಏನಾದರೂ ದೋಷ ಬಂದಾಗ ಎಷ್ಟು ಕಿಲೋಮೀಟರಿಗೆ ಬಂತು ಅಂತಲೂ ಅವು ಬರೆದಿಟ್ಟುಕೊಳ್ಳುತ್ತವೆ. ಮೀಟರಿನಲ್ಲಿ 12 ಸಾವಿರ ಇದ್ದು, ಒಳಗೆ 31 ಸಾವಿರಕ್ಕೆ ದೋಷ ದಾಖಲಾಗಿದ್ದ ಗಾಡಿಯನ್ನು ನಾನೇ ನೋಡಿದ್ದೇನೆ. ಮೀಟರ್ ತಿರುಗಿಸಿದವರು ಅಲ್ಲಿ ಅಳಿಸಲು ಮರೆತಿದ್ದರು.

ತೀರಾ ಕಡಿಮೆ ಓಡಿದ ದುಬಾರಿ ಗಾಡಿ ತೀರಾ ಅಗ್ಗಕ್ಕೆ ಬಂದರೆ ನೀರಿನ ಬಗ್ಗೆ ಯೋಚಿಸಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಬಡಾವಣೆಗಳಿಗೆ ನೀರು ನುಗ್ಗಿ ಎಷ್ಟೋ ದೊಡ್ಡ ಕಾರುಗಳು ಮುಳುಗಿದವು. ಮುಳುಗಿದ ಗಾಡಿಯನ್ನು ತೊಳೆದು ಪಾಲಿಶ್ ಹಾಕಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ಕೊನೆಯ ಅಡಿಯಲ್ಲಿ ಕೆಸರಿನ ಗೆರೆ ಕಂಡರೆ ಅಲ್ಲಿಂದಲೇ ಎದ್ದು ಬನ್ನಿ. ಕಾರ್ಪೆಟ್ ಎತ್ತಿ ಸೀಟಿನ ಬೋಲ್ಟ್ ತುಕ್ಕು ಹಿಡಿದಿದೆಯಾ ಅಂತಲೂ ನೋಡಿ.

ಕಿಲೋಮೀಟರ್ ನಿಜ ಅಂತ ಆಯಿತು. ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಓಡಿದ ಲೆಕ್ಕ ಕೇಳುತ್ತಾರೆ, ನಿಂತ ಲೆಕ್ಕ ಕೇಳುವುದಿಲ್ಲ. 9 ವರ್ಷದಲ್ಲಿ 9,400 ಅಂದರೆ ವರ್ಷಕ್ಕೆ ಸಾವಿರ ಚಿಲ್ಲರೆ. ಮಿಕ್ಕ ದಿನಗಳಲ್ಲಿ ಆ ಗಾಡಿ ಏನು ಮಾಡುತ್ತಿತ್ತು? ನಿಂತಲ್ಲೇ ಹಳೆಯದಾಗುತ್ತಿತ್ತು.

ಟೈರಿನಿಂದ ಶುರು ಮಾಡಿ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಇದ್ದು, ಅದರ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 1516 ಅಂದರೆ 2016ನೇ ಇಸವಿಯ 15ನೇ ವಾರ ತಯಾರಾದದ್ದು. ಡಾಕ್ಟರ ಗಾಡಿಗೆ ನಾಲ್ಕೂ ಮೊದಲಿನ ಟೈರೇ. ಇದು ಕಡಿಮೆ ಓಡಿದ್ದಕ್ಕೆ ಒಳ್ಳೆಯ ಸಾಕ್ಷಿ. ಆದರೆ ಅದೇ ಟೈರನ್ನು ತೆಗೆದು ಎಸೆಯಬೇಕು. ಟೈರಿನ ಮೇಲಿನ ಅಚ್ಚು ಇನ್ನೂ ಆಳವಾಗಿಯೇ ಇತ್ತು, ರಬ್ಬರ್ ಮಾತ್ರ ಗಟ್ಟಿಯಾಗಿ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿದ್ದಿತ್ತು. 230 ಅಶ್ವಶಕ್ತಿಯ ಗಾಡಿಯನ್ನು ಆ ರಬ್ಬರ್ ಮೇಲೆ ಎಕ್ಸ್‌ಪ್ರೆಸ್‌ವೇಗೆ ಇಳಿಸಲು ನಾನು ಯಾರಿಗೂ ಹೇಳುವುದಿಲ್ಲ. 2016ರ ಗಾಡಿ, 10 ಸಾವಿರ ಓಡಿದೆ, ಆದರೆ ಟೈರ್ ಹೊಸದು ಅಂದರೆ ಯಾಕೆ ಬದಲಿಸಿದಿರಿ ಅಂತ ಕೇಳಿ. ಹಳೆಯದಾಯಿತು ಅಂತ ಬದಲಿಸಿದ್ದರೆ ಮಾಲೀಕರು ತಿಳಿದವರು. ಸವೆದು ಬದಲಿಸಿದ್ದರೆ ಮೀಟರ್ ಮೇಲೆ ಮತ್ತೆ ಅನುಮಾನ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಗಾಡಿ ಓಡಲಿ ಬಿಡಲಿ, 2 ವರ್ಷಕ್ಕೊಮ್ಮೆ ಬದಲಿಸಲೇಬೇಕು. ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ. "ಸಾವಿರ ಕಿಲೋಮೀಟರಿಗೆಲ್ಲ ಆಯಿಲ್ ಯಾಕೆ ಬದಲಿಸೋದು, ಸುಮ್ನೆ ದಂಡ" ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಪೆಟ್ರೋಲಿನದು ಇನ್ನೊಂದು ಕಥೆ. ಈಗ ಬರುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಅದೂ ತೇವ ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ಪಂಪು, ಇಂಜೆಕ್ಟರ್‌ಗೆ ತೊಂದರೆ. ಕೊನೆಯ ಸಲ ಪೆಟ್ರೋಲ್ ಹಾಕಿಸಿದ್ದು ಯಾವಾಗ ಅಂತ ಕೇಳಿ. ಉತ್ತರ ಹೇಳಲು ಮಾಲೀಕರು ಯೋಚಿಸಬೇಕಾಗಿ ಬಂದರೆ ಅದೇ ಉತ್ತರ.

ಬಾನೆಟ್ ಎತ್ತಿ ಇಲಿಯ ಗುರುತು ಹುಡುಕಿ. ಹಳೆಯ ಬಡಾವಣೆಗಳ ಮನೆಗಳಲ್ಲಿ ತೋಟ ದೊಡ್ಡದು, ಹೆಗ್ಗಣವೂ ಜಾಸ್ತಿ. ಡಾಕ್ಟರ ಗಾಡಿಯಲ್ಲಿ ಬ್ಯಾಟರಿ ಹಿಂದೆ ತೆಂಗಿನ ನಾರು, ಎರಡು ವೈರು ಕಡಿದಿದ್ದವು.

"ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ 5 ನಿಮಿಷ ಬಿಡ್ತೀನಮ್ಮ, ಮಗು ಥರ ನೋಡ್ಕೊಂಡಿದೀನಿ" ಅಂದರು ಡಾಕ್ಟರು. ಅವರ ಅಕ್ಕರೆಯ ಬಗ್ಗೆ ನನಗೆ ಸಂಶಯವೇ ಇಲ್ಲ. ಆದರೆ ಆ 5 ನಿಮಿಷ ಗಾಡಿಗೆ ಒಳ್ಳೆಯದಲ್ಲ. ಎಂಜಿನ್ ಪೂರ್ತಿ ಬಿಸಿ ಆಗುವುದಿಲ್ಲ. ಒಳಗೆ ಕೂತ ನೀರಿನಂಶ ಆವಿಯಾಗದೆ ಆಯಿಲ್‌ಗೆ, ಸೈಲೆನ್ಸರ್‌ಗೆ ಸೇರುತ್ತದೆ. ಸ್ಟಾರ್ಟ್ ಮಾಡಲು ಹೋದ ಕರೆಂಟ್ ಕೂಡ ಬ್ಯಾಟರಿಗೆ ವಾಪಸ್ ಬರುವುದಿಲ್ಲ. 15 ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿದ್ದರೆ ಅದು ಬೇರೆ ಮಾತು. ಆಗ ಗೇರ್, ಬ್ರೇಕ್, ಎಸಿ ಎಲ್ಲವೂ ಕೆಲಸ ಮಾಡುತ್ತವೆ. ಮಾರುವವರು ಯಾವ ರೀತಿ ಓಡಿಸುತ್ತಿದ್ದರು ಅಂತ ಕೇಳುವುದು ಇದಕ್ಕೇ.

ಓಡಿಸಿ ನೋಡಲು ಬೆಳಿಗ್ಗೆ 6 ಗಂಟೆಗೆ ಹೋಗಿ, ಎಂಜಿನ್ ತಣ್ಣಗಿರುವಾಗ. ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ. ನಾವು ಹುಣಸೂರು ರಸ್ತೆ ಹಿಡಿದು ರಿಂಗ್ ರೋಡಿಗೆ ಹೋದೆವು. 60 ದಾಟಿದ ಮೇಲೆ ತಳದಿಂದ ದಡದಡ ಅಂತ ಸದ್ದು. ಒಂದೇ ಕಡೆ ನಿಂತು ಟೈರು ಚಪ್ಪಟೆ ಆಗಿದ್ದರೆ ಹೀಗಾಗುತ್ತದೆ. ಕೆಲವು ಸಲ 20 ಕಿಲೋಮೀಟರ್ ಓಡಿದ ಮೇಲೆ ಹೋಗುತ್ತದೆ. ಇಲ್ಲಿ ಹೋಗಲಿಲ್ಲ. ಆಮೇಲೆ ಚಾಮುಂಡಿ ಬೆಟ್ಟ. ಹತ್ತುವಾಗ ಗೇರ್‌ಬಾಕ್ಸ್ ಹೇಗೆ ಬದಲಾಗುತ್ತದೆ, ಇಳಿಯುವಾಗ ಬ್ರೇಕ್ ಹೇಗೆ ಹಿಡಿಯುತ್ತದೆ, ಎರಡೂ ಅಲ್ಲಿ ಗೊತ್ತಾಗುತ್ತದೆ. ಏರುವಾಗ ಗಾಡಿ ಬೆಣ್ಣೆಯ ಹಾಗೆ ಹೋಯಿತು. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ನಡುಗಿತು. ಬ್ರೇಕ್ ಡಿಸ್ಕ್ ತುಕ್ಕು ಹಿಡಿದು ಗುಳಿ ಬಿದ್ದಿತ್ತು. ಮೇಲೆ ಕೂತ ತುಕ್ಕು ನಾಲ್ಕು ಸಲ ಬ್ರೇಕ್ ಹಿಡಿದರೆ ಉಜ್ಜಿ ಹೋಗುತ್ತದೆ, ಗುಳಿ ಹೋಗುವುದಿಲ್ಲ.

ಮುಂದಿನ ಬಂಪರ್ ಕೆಳಗೆ ಕೈ ಹಾಕಿ ತಡವಿ ನೋಡಿ. ನಮ್ಮ ಊರಿನ ಹಂಪ್‌ಗಳಿಗೆ ತಗ್ಗು ಗಾಡಿ ಉಜ್ಜಿರುತ್ತದೆ. ಸಣ್ಣ ಗೀರು ಸಹಜ, ಒಡೆದಿದ್ದರೆ ಬೇಡ. ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಎಲ್ಲ ಪ್ಯಾನಲ್ ಮೇಲೂ ಇಡಿ. ಒಂದು ಪ್ಯಾನಲ್ ಮಾತ್ರ ಬೇರೆಯವುಗಳ ಎರಡರಷ್ಟು ತೋರಿಸಿದರೆ ಅಲ್ಲಿ ಪುಟ್ಟಿ ಹಾಕಿ ಬಣ್ಣ ಹೊಡೆದಿದ್ದಾರೆ.

ಈಗ ಬೆಲೆ. ಹೊಸದಾಗಿ ಕೊಟ್ಟ ದುಡ್ಡನ್ನು ಲೆಕ್ಕದೊಳಗೆ ತರಬೇಡಿ. ಈ ಟಿಟಿ 2015ರಲ್ಲಿ ನಮ್ಮ ದೇಶಕ್ಕೆ ಬಂದಾಗ ಶೋರೂಮ್ ಬೆಲೆ 60 ಲಕ್ಷ ಚಿಲ್ಲರೆ. ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ, 20 ಲಕ್ಷ ಮೀರಿದ ಗಾಡಿಗೆ 18 ಪರ್ಸೆಂಟ್. ಡಾಕ್ಟರಿಗೆ ಅದು ನೆನಪಿರುವುದು ಸಹಜ. 9 ವರ್ಷದ ಮೇಲೆ ಕೊಳ್ಳುವವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ವಿಮೆ ಪಾಲಿಸಿಯ ಐಡಿವಿಯನ್ನೂ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಬರೆದ ಬೆಲೆಯನ್ನೂ, ನಂಬಬೇಡಿ. 5 ವರ್ಷದ ನಂತರ ಅದು ಮಾಲೀಕರೂ ಕಂಪನಿಯೂ ಒಪ್ಪಿ ಬರೆದುಕೊಂಡ ಅಂಕಿ, ಅಷ್ಟೇ. ಟಿಟಿ ತಯಾರಿಕೆ 2023ಕ್ಕೆ ನಿಂತಿತು, ಅದಕ್ಕೇ ಬೆಲೆ ಏರುತ್ತದೆ ಅನ್ನುವ ವಾದವೂ ಬಂತು. ಅಪರೂಪ ಆದ ಮಾತ್ರಕ್ಕೆ ಬೆಲೆ ಏರುವುದಿಲ್ಲ, ಬೇಕು ಅನ್ನುವವರು ಸಾಲಾಗಿ ನಿಂತಿರಬೇಕು. ಮೈಸೂರಿನಲ್ಲಿ ಎರಡು ಬಾಗಿಲಿನ ಕಾರು ಕೇಳಿ ಬರುವವರು ವರ್ಷಕ್ಕೆ ಎಷ್ಟು ಜನ ಅಂತ ಯೋಚಿಸಿ.

ನಾನು ಶುರು ಮಾಡುವುದು ಅದೇ ಮಾಡೆಲ್, ಅದೇ ವರ್ಷ, ಸುಮಾರು 40 ಸಾವಿರ ಓಡಿದ ಗಾಡಿ ನಿಜವಾಗಿ ಮಾರಾಟವಾದ ಬೆಲೆಯಿಂದ. ಜಾಹೀರಾತಿನ ಬೆಲೆ ಅಲ್ಲ. ಬೆಂಗಳೂರಿನ ಮೂವರು ಬ್ರೋಕರ್‌ಗಳನ್ನು ಕೇಳಿದೆ. 28 ಲಕ್ಷದ ಆಸುಪಾಸು ಅಂದರು. ಅದಕ್ಕಿಂತ ಕಡಿಮೆ ಓಡಿದ ಪ್ರತಿ 10 ಸಾವಿರಕ್ಕೆ ನಾನು 3 ಪರ್ಸೆಂಟ್ ಸೇರಿಸುತ್ತೇನೆ. ಪುಸ್ತಕದ ಲೆಕ್ಕ ಅಲ್ಲ, ನನ್ನ ಅನುಭವದ್ದು. ಇಲ್ಲಿ 30 ಸಾವಿರ ಕಡಿಮೆ, ಹಾಗಾಗಿ 9 ಪರ್ಸೆಂಟ್, 2.52 ಲಕ್ಷ. ಮೊತ್ತ 30.52 ಲಕ್ಷ.

ಇದರಿಂದ ಗಾಡಿಯನ್ನು ಎಬ್ಬಿಸುವ ಖರ್ಚು ಕಳೆಯಬೇಕು. ನಾಲ್ಕು ಟೈರು 88 ಸಾವಿರ. ಬ್ಯಾಟರಿ 24 ಸಾವಿರ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಆಯಿಲ್, ಕೂಲೆಂಟ್, ನಾಲ್ಕು ಚಕ್ರಕ್ಕೂ ಶಕ್ತಿ ಹಂಚುವ ಕಪ್ಲಿಂಗಿನ ಆಯಿಲ್ ಎಲ್ಲ ಸೇರಿ 58 ಸಾವಿರ. ಮುಂದಿನ ಡಿಸ್ಕ್, ಪ್ಯಾಡ್ 45 ಸಾವಿರ. ಇಲಿ ಕಡಿದ ವೈರಿಂಗ್ 15 ಸಾವಿರ. ಒಟ್ಟು 2.30 ಲಕ್ಷ. 40 ಸಾವಿರ ಓಡಿದ ಗಾಡಿಗೆ ಇವುಗಳಲ್ಲಿ ಬಹಳಷ್ಟು ಆಗಲೇ ಆಗಿರುತ್ತದೆ, ಅದಕ್ಕೇ ಪೂರ್ತಿ ಕಳೆದೆ. ಉಳಿದದ್ದು 28.22 ಲಕ್ಷ. ಅಂದರೆ ದಿನಾ ಓಡಿದ ಗಾಡಿಯ ಬೆಲೆಗೇ ಬಂದು ನಿಂತಿತು.

ಹುಡುಗನಿಗೆ ಇನ್ನೊಂದು ಪ್ರಶ್ನೆ ಕೇಳಿದೆ. ತಗೊಂಡು ಏನು ಮಾಡ್ತೀಯಪ್ಪ? "ಓಡ್ಸಕ್ಕೇ ಕಣಕ್ಕ ತಗತಿರದು. ವಾರ ವಾರ ಊರಿಗೆ ಬತ್ತೀನಲ್ಲ." ಮಂಡ್ಯದಿಂದ ಬೆಂಗಳೂರಿಗೆ ಹೋಗಿ ಬಂದರೆ 200 ಕಿಲೋಮೀಟರ್. ವರ್ಷಕ್ಕೆ 10 ಸಾವಿರ. ಅವನು ಮುಂದೆ ಮಾರುವ ಹೊತ್ತಿಗೆ ಇದು ಕಡಿಮೆ ಓಡಿದ ಗಾಡಿಯೇ ಆಗಿರುವುದಿಲ್ಲ. ಇವತ್ತು ಹೆಚ್ಚಿಗೆ ಕೊಟ್ಟ ದುಡ್ಡು ಅವನಿಗೆ ವಾಪಸ್ ಬರುವುದಿಲ್ಲ. ಹಾಗಾಗಿ ಓಡಿಸಲು ಕೊಳ್ಳುವವರು ಲೆಕ್ಕದ ಕೊನೆಯ ಚಿಲ್ಲರೆ ಕೂಡ ಏರಿಸಬಾರದು. 28ರ ಮೇಲೆ ಹೋಗಬೇಡ ಅಂದೆ.

ಡಾಕ್ಟರ ಮುಂದೆ ಹಾಳೆ ಇಟ್ಟು ಒಂದೊಂದೇ ಸಾಲು ಓದಿದೆ. ಬೇಜಾರಾಯಿತು ಅವರಿಗೆ. ಟೈರಿನ ಬಿರುಕನ್ನು ತಾವೇ ಹೋಗಿ ಟಾರ್ಚ್ ಹಾಕಿ ನೋಡಿ ಬಂದರು. ಎರಡು ದಿನ ಬಿಟ್ಟು 28ಕ್ಕೆ ಒಪ್ಪಿದರು.

ಕಾಗದದ ವಿಷಯ ಬೇಗ ಹೇಳುತ್ತೇನೆ. ಕೆಎ-09, ಕೆಎ-55, ಕೆಎ-11 ಯಾವುದಾದರೂ ಸರಿ, ನಮ್ಮ ರಾಜ್ಯದ ನಂಬರ್ ಇದ್ದರೆ ಮತ್ತೆ ತೆರಿಗೆ ಇಲ್ಲ. ಪುದುಚೇರಿ ನಂಬರಿನ ಗಾಡಿ ಅಗ್ಗ ಕಂಡರೆ, ಇಲ್ಲಿಗೆ ತಂದು ಕಟ್ಟಬೇಕಾದ ತೆರಿಗೆಯನ್ನು ಬೆಲೆಗೆ ಸೇರಿಸಿ ನೋಡಿ. ಗಾಡಿಯ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ. ಇದನ್ನು ಮರೆತು, ಗಾಡಿ ಗುದ್ದಿಕೊಂಡು, ಕ್ಲೇಮ್ ಸಿಗದೆ ಅತ್ತವರನ್ನು ನೋಡಿದ್ದೇನೆ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಗಾಡಿಯ ಜೊತೆ ಬರುವುದಿಲ್ಲ, ಅವರ ಹತ್ತಿರವೇ ಉಳಿಯುತ್ತದೆ.

ಮತ್ತೆ ಎರಡನೇ ಕೀ. ಎರಡೂ ಕೀ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಹೊಸ ಕೀ ಮಾಡಿಸಲು ಕಾಯಬೇಕು, ಖರ್ಚೂ ಜಾಸ್ತಿ, ಕಳೆದುಹೋದ ಕೀ ಯಾರ ಕೈಯಲ್ಲಿದೆಯೋ ಗೊತ್ತಿರುವುದಿಲ್ಲ. ಡಾಕ್ಟರ ಮನೆಯಲ್ಲಿ ಅದನ್ನು ಅರ್ಧ ಗಂಟೆ ಹುಡುಕಿದೆವು. ಕೊನೆಗೆ ದೇವರ ಮನೆಯ ಗೂಡಿನಲ್ಲಿ ಸಿಕ್ಕಿತು, ಅರಿಶಿನ ಕುಂಕುಮ ಹಚ್ಚಿತ್ತು. ಡಾಕ್ಟರು ಅದನ್ನು ಒರೆಸದೆ ಹಾಗೇ ಹುಡುಗನ ಕೈಗಿಟ್ಟರು.