ನಿಲ್ಲಿಸುವುದೋ, ಒಡೆಯುವುದೋ: ಲೋಬಾಲ್ ಟೂರ್ನಿಯಲ್ಲಿ ನನ್ನ ಲೆಕ್ಕ

ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 10,000 ಡಾಲರ್ ಕಟ್ಟಿ ಆಡುವ ನೋ-ಲಿಮಿಟ್ (ಎಷ್ಟು ಬೇಕಾದರೂ ಬೆಟ್ ಇಡಬಹುದಾದ) ಡ್ಯೂಸ್ ಟು ಸೆವೆನ್ ಸಿಂಗಲ್ ಡ್ರಾ ಟೂರ್ನಿ ಇದೆ. ಇದು ಲೋಬಾಲ್, ಅಂದರೆ ಅತಿ ಕೆಳಗಿನ ಕೈ (ಹಿಡಿದ ಎಲೆಗಳು) ಗೆಲ್ಲುವ ಪೋಕರ್. ಪೋಕರ್‌ನ ಹೆಚ್ಚು ಜನಪ್ರಿಯ ಬಗೆಯಾದ ಹೋಲ್ಡೆಮ್‌ನಲ್ಲಿ ಪಳಗಿದವರು ಈ ಆಟಕ್ಕೆ ಕೂತರೆ ಕೈಗಳ ಕ್ರಮವನ್ನು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ಚಿಪ್ಸ್ ಕಳೆದುಕೊಳ್ಳುವುದು ಎಲೆ ಬದಲಿಸುವ ಹೊತ್ತಿನಲ್ಲಿ. ಈ ಸರಣಿಯ ಟೂರ್ನಿ ಗೆದ್ದವರಿಗೆ ಬ್ರೇಸ್ಲೆಟ್ ಕೊಡುತ್ತಾರೆ; ಆಟಗಾರ ಬಿಲ್ಲಿ ಬ್ಯಾಕ್ಸ್ಟರ್ ತಮ್ಮ 7 ಬ್ರೇಸ್ಲೆಟ್‌ಗಳನ್ನೂ ಲೋಬಾಲ್‌ನಲ್ಲೇ ಗೆದ್ದವರು. ಇದು ಬರೀ ಅದೃಷ್ಟದ ಆಟ ಎನ್ನುವವರಿಗೆ ನಾನು ಕೊಡುವ ಉತ್ತರ ಅಷ್ಟೇ.

ನಿಯಮ ಚಿಕ್ಕದು. ಐದು ಎಲೆ, ಒಂದು ಸುತ್ತು ಬೆಟ್, ಒಂದೇ ಸಲ ಬದಲಾವಣೆ, ಮತ್ತೊಂದು ಸುತ್ತು ಬೆಟ್. ಅತಿ ಕೆಳಗಿನ ಕೈ ಗೆಲ್ಲುತ್ತದೆ. ಎಕ್ಕ ಯಾವಾಗಲೂ ದೊಡ್ಡದು. ಸ್ಟ್ರೇಟ್ (ಐದು ಎಲೆ ಸಾಲಾಗಿ), ಫ್ಲಶ್ (ಐದೂ ಒಂದೇ ಬಣ್ಣ, ಅಂದರೆ ಎಲ್ಲ ಆಠೀನ್ ಥರ) ಎರಡೂ ನಮ್ಮ ವಿರುದ್ಧ. ಹಾಗಾಗಿ ಒಂದೇ ಬಣ್ಣದ್ದಲ್ಲದ 7-5-4-3-2 ಎಲ್ಲಕ್ಕಿಂತ ಒಳ್ಳೆಯ ಕೈ, 7-6-4-3-2 ಅದರ ನಂತರದ್ದು.

ನಾನು ಮೊದಲು ಬಾಯಿಪಾಠ ಮಾಡಿದ್ದು 2-3-4-7 ಇಟ್ಟುಕೊಂಡು ಒಂದು ಎಲೆ ಎಳೆಯುವ ಲೆಕ್ಕ. ಎಸೆದದ್ದು ರಾಜ ಅಂತಿಟ್ಟುಕೊಳ್ಳಿ, ಕಾಣದ ಎಲೆ 47. ಏಳರ ಕೈ (ಅತಿ ದೊಡ್ಡ ಎಲೆ ಏಳು) ಆಗಲು 5 ಅಥವಾ 6 ಬರಬೇಕು: 8 ಎಲೆ, ಶೇ 17. ಎಂಟು ಅಥವಾ ಅದಕ್ಕಿಂತ ಒಳ್ಳೆಯದು 12 ಎಲೆ, ನಾಲ್ಕರಲ್ಲಿ ಒಂದು ಸಲ. ಜೋಡಿಯಾಗಿ ಕೆಡುವುದೂ ಅಷ್ಟೇ, 12 ಎಲೆ. ಈ ಎರಡು 12 ಸಮ ಇರುವುದನ್ನು ನೆನಪಿಡಿ, ಬ್ಲಫ್ (ಕೆಟ್ಟ ಕೈ ಹಿಡಿದು ಒಳ್ಳೆಯದಿದ್ದಂತೆ ಬೆಟ್ ಇಡುವ) ಹೊತ್ತಿಗೆ ಬೇಕಾಗುತ್ತದೆ.

ನೋಡಲು ಚೆಂದ, ಆಡಲು ಹಾಳು ಎಂದರೆ 3-4-5-6. ಇಲ್ಲಿ 2 ಬಂದರೂ ಸ್ಟ್ರೇಟ್, 7 ಬಂದರೂ ಸ್ಟ್ರೇಟ್. ಜೋಡಿಯ 12 ಸೇರಿಸಿದರೆ 47ರಲ್ಲಿ 20 ಎಲೆ ನಮ್ಮ ಕೈಯನ್ನು ಮುಗಿಸುತ್ತವೆ, ಸಿಗಬಹುದಾದ ಉತ್ತಮ ಕೈ ಎಂಟರದ್ದು ಮಾತ್ರ. ನಾಲ್ಕೂ ಎಲೆ ಒಂದೇ ಬಣ್ಣದ್ದಾದರೂ ಹೀಗೇ: 2-3-4-7 ಎಲ್ಲ ಆಠೀನ್ ಆಗಿದ್ದರೆ ಆಠೀನ್ 5, ಆಠೀನ್ 6 ಎರಡೂ ಫ್ಲಶ್ ಆಗುತ್ತವೆ, ಏಳರ ಕೈಗೆ ಉಳಿಯುವುದು 6 ಎಲೆ, ಶೇ 13. ಮೊದಲು ಆಡಬೇಕಾದ ಸೀಟುಗಳಲ್ಲಿ ಇಂಥವನ್ನು ನಾನು ಫೋಲ್ಡ್ ಮಾಡುತ್ತೇನೆ, ಅಂದರೆ ಬಿಟ್ಟುಕೊಡುತ್ತೇನೆ. ಎರಡು ಎಲೆ ಎಳೆಯಬೇಕಾದ ಕೈಯಂತೂ ಬಟನ್ (ಕೊನೆಗೆ ಆಡುವ ಸೀಟು) ಬಿಟ್ಟು ಬೇರೆಲ್ಲೂ ಬೇಡ.

ಈಗ ನಿಜವಾದ ವಿಷಯ. ಎಲೆ ಬದಲಿಸದೆ ನಿಲ್ಲುವುದಕ್ಕೆ ಪ್ಯಾಟ್ ಎನ್ನುತ್ತಾರೆ. ನನ್ನ ಹತ್ತಿರ 10-9-8-6-5 ಇದೆ, ಎದುರಾಳಿ 2-3-4-7ಕ್ಕೆ ಒಂದು ಎಲೆ ಎಳೆಯುತ್ತಾನೆ ಎಂದರೆ ನಾನು ಗೆಲ್ಲುವ ಸಾಧ್ಯತೆ ಶೇ 64. ಹತ್ತರ ಜಾಗದಲ್ಲಿ ಗುಲಾಮ ಇದ್ದರೆ ಶೇ 55. ರಾಣಿ ಇದ್ದರೆ ಶೇ 45. ಗೆರೆ ಗುಲಾಮ ಮತ್ತು ರಾಣಿಯ ನಡುವೆ ಬೀಳುತ್ತದೆ: ಒಬ್ಬನೇ ಎಳೆಯುತ್ತಿದ್ದರೆ ಗುಲಾಮ ನಿಲ್ಲಬಹುದು, ರಾಣಿ ನಿಲ್ಲಬಾರದು. ಇಬ್ಬರು ಎಳೆಯುತ್ತಿದ್ದರೆ ಗುಲಾಮನ ಪಾಲು ಮೂರನೇ ಒಂದಕ್ಕಿಂತ ಕೆಳಗೆ ಕುಸಿಯುತ್ತದೆ, ಹತ್ತರದ್ದೂ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ.

ಅದೇ ಹತ್ತು, ಎದುರಾಳಿ ನನಗಿಂತ ಮೊದಲೇ ಪ್ಯಾಟ್ ನಿಂತರೆ? ಆಗ ಅದು ಹೆಚ್ಚುಕಡಿಮೆ ಸೋತ ಕೈ. ಆದ್ದರಿಂದ ಹತ್ತರ ಕೆಳಗೆ ಏನಿದೆ ಎನ್ನುವುದನ್ನು ರೇಸ್ ಮಾಡುವ (ಬೆಟ್ ಏರಿಸುವ) ಮೊದಲೇ ನೋಡುತ್ತೇನೆ. 10-7-4-3-2 ಆದರೆ ಹತ್ತನ್ನು ಎಸೆದು ಒಳ್ಳೆಯ ಡ್ರಾಗೆ (ಎಲೆ ಎಳೆದು ಕೈ ಪೂರ್ತಿ ಮಾಡುವುದಕ್ಕೆ) ಇಳಿಯಬಹುದು. 10-9-8-6-5 ಒಡೆದರೆ ಕೈಗೆ ಬರುವುದು ಕಸ. ಮೊದಲನೆಯದನ್ನು ಯಾವ ಸೀಟಿನಿಂದಲೂ ಆಡುತ್ತೇನೆ. ಎರಡನೆಯದನ್ನು, ಎದುರಾಳಿ ನನಗಿಂತ ಮುಂಚೆ ಎಲೆ ಬದಲಿಸಬೇಕಾದಾಗ ಮಾತ್ರ. ಈ ಆಟದಲ್ಲಿ ಕೊನೆಯ ಸೀಟಿನ ಬೆಲೆ ಹೋಲ್ಡೆಮ್‌ಗಿಂತ ಜಾಸ್ತಿ ಎಂದು ನನ್ನ ಅನಿಸಿಕೆ. ಎದುರಿನವನು ಎಷ್ಟು ಎಲೆ ಎಸೆದ ಎನ್ನುವುದೊಂದೇ ಇಲ್ಲಿ ಸಿಗುವ ಖಚಿತ ಮಾಹಿತಿ, ಅದು ಕೊನೆಯವನಿಗೆ ಪುಕ್ಕಟೆ.

ಬದಲಿಸಿದ ಮೇಲಿನ ಬೆಟ್. ಎಂಟು ಅಥವಾ ಉತ್ತಮ ಕೈ ಬಂದರೆ ಬೆಟ್. ಹತ್ತು, ಗುಲಾಮ ಬಂದರೆ ಚೆಕ್ (ಬೆಟ್ ಇಡದೆ ದಾಟಿಸುವುದು). ಜೋಡಿ ಆದರೆ ಚೆಕ್ ಮಾಡಿ ಗೆಲ್ಲುವುದು ಅಪರೂಪ, ಹಾಗಾಗಿ ಬ್ಲಫ್‌ಗೆ ಅದೇ ಸರಕು. ಆದರೆ ಎಲ್ಲ ಜೋಡಿಯನ್ನೂ ಬೆಟ್ ಮಾಡಿದರೆ 12 ಒಳ್ಳೆಯ ಕೈಗೆ 12 ಬ್ಲಫ್ ಆಗಿಬಿಡುತ್ತದೆ. ಪಾಟ್‌ನಷ್ಟೇ (ಮಧ್ಯದಲ್ಲಿ ಸೇರಿರುವ ಚಿಪ್ಸ್‌ನಷ್ಟೇ) ಬೆಟ್ ಇಟ್ಟರೆ ಎರಡು ನಿಜವಾದ ಕೈಗೆ ಒಂದು ಬ್ಲಫ್ ಸರಿ, ಅರ್ಧ ಪಾಟ್ ಆದರೆ ಮೂರಕ್ಕೆ ಒಂದು. ನಾನು 2 ಮತ್ತು 3ರ ಜೋಡಿಯಲ್ಲಿ ಬ್ಲಫ್ ಮಾಡುತ್ತೇನೆ, 4 ಮತ್ತು 7ರ ಜೋಡಿ ಬಿಡುತ್ತೇನೆ. ಅಲ್ಲಿಗೆ 12ಕ್ಕೆ 6. ಚಿಕ್ಕ ಎಲೆ ಎರಡು ನನ್ನ ಹತ್ತಿರ ಇದ್ದರೆ ಎದುರಾಳಿಗೆ ಒಳ್ಳೆಯ ಕೈ ಸಿಕ್ಕಿರುವ ಸಾಧ್ಯತೆ ಅಷ್ಟು ಕಡಿಮೆ. 2-2-2-3-3 ಥರದ ಕೈ ಹಿಡಿದು ಪ್ಯಾಟ್ ನಿಲ್ಲುವ ಸ್ನೋ ಎಂಬ ಆಟದ ತರ್ಕವೂ ಇದೇ. ಅದನ್ನು ಯಾವ ಬೆಟ್‌ಗೂ ಕಾಲ್ ಮಾಡುವವನ (ಸಮನಾಗಿ ಚಿಪ್ಸ್ ಇಟ್ಟು ಆಟದಲ್ಲಿ ಉಳಿಯುವವನ) ಮೇಲೆ ಪ್ರಯೋಗಿಸಬೇಡಿ.

ಚಿಪ್ಸ್ 10-12 ಬಿಗ್ ಬ್ಲೈಂಡ್‌ಗೆ (ಎಲೆ ನೋಡುವ ಮೊದಲೇ ಕಟ್ಟಬೇಕಾದ ಕಡ್ಡಾಯ ಬೆಟ್) ಇಳಿದಾಗ ಸಣ್ಣ ರೇಸ್ ಬಿಟ್ಟು ನೇರ ಆಲ್-ಇನ್ (ಇರುವ ಚಿಪ್ಸ್ ಎಲ್ಲ ಒಂದೇ ಸಲ). ಎರಡನೇ ಸುತ್ತಿನ ಬೆಟ್ ಇರುವುದಿಲ್ಲವಾದ್ದರಿಂದ ಮೊದಲ ಸೀಟಿನ ತೊಂದರೆ ಬಹುಪಾಲು ಮಾಯ; ಪ್ಯಾಟ್ ಗುಲಾಮ, ಒಳ್ಳೆಯ ಒಂದೆಲೆಯ ಡ್ರಾ ಎರಡನ್ನೂ ತಳ್ಳಬಹುದು. ಇನ್ನೊಬ್ಬನ ಆಲ್-ಇನ್‌ಗೆ ಡ್ರಾ ಹಿಡಿದು ಕಾಲ್ ಮಾಡುವುದು ಬೇರೆ ಮಾತು: ಅವನದು ಪ್ಯಾಟ್ 9-8-6-5-4 ಆಗಿದ್ದರೆ 2-3-4-7ಕ್ಕೆ ಸಿಗುವುದು ಶೇ 29 ಮಾತ್ರ. ಬಹುಮಾನದ ಗಡಿಯ ಹತ್ತಿರ ಆ ಕಾಲ್ ನಾನು ಮಾಡುವುದಿಲ್ಲ.